ಹಿಮ್ಮೇಳದಲ್ಲಿ ಕೂತು ಕಲಿತದ್ದು

ತಲಕಾಡಿಗೆ ಹತ್ತಿರದ ಹೆಮ್ಮಿಗೆ ನಮ್ಮೂರು. ಈ ಸೀಮೆಯಲ್ಲಿ ದೇವರ ಹಾಡು ಅಂದರೆ ಒಬ್ಬರು ಹಾಡಿ ಉಳಿದವರು ಕೇಳುವಂಥದಲ್ಲ. ಮಾದಪ್ಪನ ಕಥೆ ಇರಲಿ, ಮಂಟೇಸ್ವಾಮಿಯ ಕಥೆ ಇರಲಿ, ಧನುರ್ಮಾಸದ ಬೆಳಗಿನ ಭಜನೆ ಇರಲಿ, ಮುಂದೆ ಹೇಳುವವರು ಒಬ್ಬರು, ಹಿಂದೆ ಸೊಲ್ಲು ಎತ್ತಿಕೊಳ್ಳುವವರು ಹಲವರು. ನಾನು ಆ ಹಲವರ ನಡುವೆ ಕೂತು ಬೆಳೆದವನು. ಟೀಚರ್ಸ್ ಟ್ರೈನಿಂಗಿಗೆ ಮೈಸೂರು ಸೇರಿದಾಗ ಗೆಳೆಯನೊಬ್ಬ ಕರೆದುಕೊಂಡು ಹೋಗಿ ಪಾಶ್ಚಾತ್ಯ ದೇವಸ್ತುತಿಗಳನ್ನು ಹಾಡುವ ಗಾಯನವೃಂದವೊಂದರ ಕೆಳದನಿಯ ಸಾಲಿನಲ್ಲಿ ನಿಲ್ಲಿಸಿದ. ಮೇಷ್ಟ್ರಾಗಿ ಊರ ಕಡೆ ಬಂದ ಮೇಲೂ ಆ ನಂಟು ಬಿಡಲಿಲ್ಲ. ವಾರದ ದಿನ ಭಜನೆ ಮನೆ, ಭಾನುವಾರ ಬಸ್ಸು ಹತ್ತಿ ಮೈಸೂರು, ಹೀಗೇ ವಯಸ್ಸು ಕಳೆದಿದೆ.

ಅಲ್ಲಿ ನಾವು ಹಾಡಿದ್ದು ಹೆಚ್ಚಾಗಿ ಹತ್ತೊಂಬತ್ತನೇ ಶತಮಾನದ, ರೊಮ್ಯಾಂಟಿಕ್ ಕಾಲದ ಕೃತಿಗಳನ್ನು. ಯುರೋಪಿನ ಕವಿಗಳು ಹಳೆಯ ಹಾಡು, ಪಾಳುಬಿದ್ದ ಗುಡಿ, ರಾತ್ರಿ, ತಾಯ್ನುಡಿ ಇವುಗಳ ಕಡೆ ತಿರುಗಿದ ಕಾಲ ಅದು. ಸಂಗೀತಗಾರರೂ ಚರ್ಚಿನ ಪ್ರಾಚೀನ ಹಾಡಿಕೆಯನ್ನು ಮತ್ತೆ ಕೈಗೆತ್ತಿಕೊಂಡು ಅದರೊಳಗೆ ತಮ್ಮ ಕಾಲದ ಮನುಷ್ಯನ ದುಃಖವನ್ನೂ ಹಂಬಲವನ್ನೂ ತುಂಬಿದರು. ಆಸ್ಟ್ರಿಯಾದ ಬ್ರುಕ್ನರ್, ಜರ್ಮನಿಯ ಬ್ರಾಮ್ಸ್, ಆ ಪರಂಪರೆಯನ್ನು ಇಪ್ಪತ್ತನೇ ಶತಮಾನಕ್ಕೆ ದಾಟಿಸಿದ ರಷ್ಯಾದ ರಾಖ್ಮನಿನೋಫ್, ಈ ಮೂವರು ನನಗೆ ಹತ್ತಿರದವರು.

ಅವರದು ನಾಲ್ಕು ದನಿಗಳ ಹೆಣಿಗೆ, ನಮ್ಮದು ಒಂದೇ ಧಾಟಿ. ಅವರಲ್ಲಿ ಎಲ್ಲವೂ ಕಾಗದದ ಮೇಲಿದೆ, ನಮ್ಮಲ್ಲಿ ಎಲ್ಲವೂ ನೆನಪಿನಲ್ಲಿದೆ. ಆದರೂ ಮೈ ಜುಂ ಅನ್ನುವ ಗಳಿಗೆ ಎರಡು ಕಡೆಯೂ ಬರುವುದು ಒಂದೇ ಕಾರಣಕ್ಕೆ, ಹಾಡುವವನು ತನ್ನ ದನಿಯ ಒಡೆತನ ಬಿಟ್ಟುಕೊಟ್ಟಾಗ. ಅದು ತಾನಾಗಿ ಬರುವುದಿಲ್ಲ, ಕೆಲಸ ಮಾಡಿ ಬರಿಸಿಕೊಳ್ಳಬೇಕು. ಭಜನೆ ತಂಡ ಕಟ್ಟುವವರಿಗೆ, ಗಾಯನವೃಂದಕ್ಕೆ ಹೊಸದಾಗಿ ಸೇರುವವರಿಗೆ ಉಪಯೋಗವಾದೀತೆಂದು ಆ ಕೆಲಸವನ್ನು ಇಲ್ಲಿ ಬರೆದಿದ್ದೇನೆ.

1. ಎಲ್ಲರೂ ಒಟ್ಟಿಗೆ ಉಸಿರು ತೆಗೆದುಕೊಳ್ಳಬೇಡಿ

“ಎಲ್ರೂ ಒಟ್ಗೇ ಉಸ್ರ ತಗಬ್ಯಾಡಿ ಕನ್ರಪ್ಪಾ. ಅವ್ನು ಬುಟ್ಟಾಗ ನೀನು ಹಿಡ್ಕೊ, ನೀನು ಬುಟ್ಟಾಗ ಅವ್ನು ಹಿಡ್ಕತನೆ.” ಭಜನೆ ಮನೆಯಲ್ಲಿ ತಾಳ ಹಿಡಿದು ಕೂರುತ್ತಿದ್ದ ನಮ್ಮ ಸೋದರಮಾವ ರಾಗಕ್ಕೂ ಮೊದಲು ಕಲಿಸಿದ್ದು ಇದನ್ನು. ಸಾಲು ಮುಗಿದ ಕೂಡಲೇ ಎಲ್ಲರೂ ಒಮ್ಮೆಗೇ ಉಸಿರೆಳೆದರೆ ಹಾಡು ತುಂಡಾಗುತ್ತದೆ. ಆ ತುಂಡಿನ ಜಾಗದಲ್ಲಿ ಕೇಳುವವರ ಮನಸ್ಸು ಎದ್ದು ಹೊರಗೆ ಹೋಗುತ್ತದೆ, ಮತ್ತೆ ಕರೆತರುವುದು ಕಷ್ಟ.

ಮಾಡುವ ಕ್ರಮ ಹೀಗೆ. ಇಬ್ಬಿಬ್ಬರನ್ನು ಜೋಡಿ ಮಾಡಿ. ಜೋಡಿಯವರು ಒಂದೇ ಕಡೆ ಉಸಿರು ತೆಗೆದುಕೊಳ್ಳಕೂಡದು. ಸಾಲಿನ ಕೊನೆ ಬೇಡ, ಪದದ ಕೊನೆಯೂ ಬೇಡ. ನಡುವೆ ಎಲ್ಲಾದರೂ ದೀರ್ಘಸ್ವರ ಬಂದಾಗ ದನಿಯನ್ನು ಸಣ್ಣಗೆ ಮಾಡಿ ಬಿಡಿ, ಉಸಿರು ತುಂಬಿಕೊಳ್ಳಿ, ಸಣ್ಣಗೇ ಒಳಗೆ ಬನ್ನಿ. ಬಿಟ್ಟದ್ದೂ ಬಂದದ್ದೂ ಯಾರಿಗೂ ತಿಳಿಯಬಾರದು. ಮೊದಮೊದಲು ಇದು ಲೆಕ್ಕಾಚಾರ ಅನ್ನಿಸುತ್ತದೆ. ದಿನ ಕಳೆದಂತೆ ಪಕ್ಕದವರ ಎದೆ ಏರಿಳಿಯುವುದು ನಿಮ್ಮ ತೋಳಿಗೇ ತಿಳಿಯತೊಡಗುತ್ತದೆ.

ಮೈಸೂರಿನ ತಂಡದಲ್ಲಿ ನಿರ್ದೇಶಕರು ಹೇಳಿದ್ದೂ ಇದನ್ನೇ. ರಾಖ್ಮನಿನೋಫ್ 1915ರ ಜನವರಿ, ಫೆಬ್ರವರಿ ತಿಂಗಳಲ್ಲಿ ಬರೆದ ‘ಇಡೀ ರಾತ್ರಿಯ ಜಾಗರಣೆ’ಯಲ್ಲಿ 15 ಭಾಗಗಳಿವೆ. ರಷ್ಯಾದ ಆರ್ಥಡಾಕ್ಸ್ ಚರ್ಚಿನ ಪೂಜೆಯಲ್ಲಿ ವಾದ್ಯ ನುಡಿಸುವುದಿಲ್ಲ. ಪಿಟೀಲಿಲ್ಲ, ಆರ್ಗನ್ ಇಲ್ಲ, ಶ್ರುತಿ ಹಿಡಿದುಕೊಡಲು ಪೆಟ್ಟಿಗೆಯೂ ಇಲ್ಲ, ಎಲ್ಲ ಭಾರವನ್ನೂ ಮನುಷ್ಯರ ಉಸಿರೇ ಹೊರಬೇಕು. ನಾವು ಹಾಡಿದ್ದು ಅದರ ಆರನೇ ಭಾಗವನ್ನಷ್ಟೇ, ದೇವಮಾತೆಯ ಸ್ತುತಿ. ಚಿಕ್ಕದು, ನಮ್ಮಂಥ ಹವ್ಯಾಸಿಗಳ ಕೈಗೆಟಕುವಂಥದು. ಮೆಲ್ಲನೆ ಏಳುತ್ತಾ ಹೋಗಿ, ಒಮ್ಮೆ ಕಟ್ಟಡವೆಲ್ಲ ತುಂಬಿ, ಮತ್ತೆ ಇಳಿಯುತ್ತದೆ. ಆ ಏರಿನಲ್ಲಿ ನನ್ನ ಉಸಿರು ಮುಗಿದು ನಾನು ನಿಂತೆ, ಹಾಡು ನಿಲ್ಲಲಿಲ್ಲ. ಉಸಿರು ತುಂಬಿಕೊಂಡು ಒಳಗೆ ಬಂದಾಗ ನನ್ನ ಜಾಗ ಹಾಗೇ ಇತ್ತು. ನಾನು ನಿಂತರೂ ನಡೆಯುವಂಥದರಲ್ಲಿ ನಾನಿದ್ದೇನೆ ಅನ್ನುವ ಅರಿವು, ಓದಿನಿಂದ ಎಂದೂ ಬರದಿದ್ದದ್ದು, ಅಂದು ಗಟ್ಟಿಯಾಗಿ ಬಂತು. ಗುಂಪಿನ ಹಾಡಿಕೆಗೆ ಇರುವ ದೈವಿಕ ಶಕ್ತಿಯ ಬೇರು ಇಲ್ಲೇ ಎಂದು ನಾನು ನಂಬಿದ್ದೇನೆ. ಕೇಳುವವರ ಕಿವಿಗೆ ಬೀಳುವ ಆ ಉದ್ದನೆಯ ದನಿಯನ್ನು ಯಾವ ಒಬ್ಬ ಮನುಷ್ಯನ ಎದೆಯೂ ಹೊರಡಿಸಲಾರದು.

2. ಕೆಳಗಿನಿಂದ ಕಟ್ಟಿ

ತಂಡ ಕಟ್ಟುವವರು ಸಾಮಾನ್ಯವಾಗಿ ಮೇಲಕ್ಕೆ ಹೋಗುವ ದನಿಗಳನ್ನು ಹುಡುಕುತ್ತಾರೆ. ನಾನು ಮೊದಲು ಹುಡುಕುವುದು ಕೆಳಗೆ ಕೂರುವ ದನಿಗಳನ್ನು. ಅವು ಸಿಗುವುದು ಅರವತ್ತು ದಾಟಿದವರಲ್ಲಿ, ಹೊಲದಲ್ಲಿ ಕೂಗಿ ಕೂಗಿ ದನಿ ಒರಟಾದವರಲ್ಲಿ. “ನಮ್ ಗಂಟ್ಲು ಓಯ್ತು ಕನಿ ಮೇಷ್ಟ್ರೇ” ಎಂದು ಹಿಂದೆ ಸರಿಯುತ್ತಾರೆ. ಆ ಗಂಟಲೇ ಬೇಕು ಎಂದು ಕೈ ಹಿಡಿದು ಕೂರಿಸಬೇಕು. ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರ ತಂಬೂರಿ ಕಥೆಯ ಉದ್ದಕ್ಕೂ ಮಾಡುವ ಕೆಲಸವನ್ನು ಇಂಥ ಗಂಟಲುಗಳು ಭಜನೆಯಲ್ಲಿ ಮಾಡುತ್ತವೆ. ಕೆಳಗೆ ಗಟ್ಟಿ ನೆಲ ಸಿಕ್ಕಿದರೆ ಮೇಲಿನ ದನಿಗಳು ಅರಚುವುದನ್ನು ತಾವಾಗಿ ನಿಲ್ಲಿಸುತ್ತವೆ.

ಬ್ರಾಮ್ಸ್ ತನ್ನ ‘ಜರ್ಮನ್ ರೆಕ್ವಿಯಂ’ನ ಮೊದಲ ಭಾಗದಲ್ಲಿ ಪಿಟೀಲುಗಳಿಗೆ ಕೆಲಸವನ್ನೇ ಕೊಟ್ಟಿಲ್ಲ. ತಗ್ಗಿನ ತಂತಿವಾದ್ಯಗಳು ಒಂದೇ ಸ್ವರವನ್ನು ಮಿಡಿಯುತ್ತಾ ಹಾಡನ್ನು ಆರಂಭಿಸುತ್ತವೆ, ಅದರ ಮೇಲೆ ದನಿಗಳು ಬಂದು ಕೂರುತ್ತವೆ. ರಾಖ್ಮನಿನೋಫ್ ಇನ್ನೂ ಮುಂದೆ ಹೋದ. ಜಾಗರಣೆಯ ಐದನೇ ಭಾಗದ ಕೊನೆಗೆ ತಗ್ಗು ದನಿಯವರು ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಸಾಮಾನ್ಯ ಗಂಡಸರ ಗಂಟಲಿಗೆ ಎಟುಕದ ಕೆಳಗಿನ ಸ್ವರವೊಂದನ್ನು ಮುಟ್ಟಬೇಕು. ಮೊದಲ ಪ್ರದರ್ಶನ ನಡೆಸಿಕೊಟ್ಟ ನಿಕೊಲಾಯ್ ದನಿಲಿನ್ ಇಂಥ ದನಿಗಳನ್ನು ಎಲ್ಲಿಂದ ತರುವುದೆಂದು ಚಿಂತೆಗೆ ಬಿದ್ದ. ರಾಖ್ಮನಿನೋಫ್‌ಗೆ ತನ್ನ ನಾಡಿನವರ ಗಂಟಲ ಮೇಲೆ ಭರವಸೆ ಇತ್ತು, ದನಿಗಳು ಸಿಕ್ಕವು. ತನ್ನ ಅಂತ್ಯಕ್ರಿಯೆಯಲ್ಲಿ ಈ ಭಾಗವನ್ನೇ ಹಾಡಬೇಕೆಂಬುದು ಅವನ ಆಸೆಯಾಗಿತ್ತು.

ತಗ್ಗು ದನಿಯ ಬೆಲೆ ಅದು ನಿಂತಾಗಲೂ ತಿಳಿಯುತ್ತದೆ. ಬ್ರುಕ್ನರ್ 1869ರಲ್ಲಿ ಬರೆದ ‘ಲೋಕುಸ್ ಇಸ್ತೆ’ ಎಂಬ ಪುಟ್ಟ ಸ್ತುತಿಯ ನಡುಭಾಗದಲ್ಲಿ ನಮ್ಮ ಸಾಲಿನವರೆಲ್ಲ ಬಾಯಿ ಮುಚ್ಚಿ ನಿಲ್ಲಬೇಕು. ಮೇಲಿನ ಮೂರು ದನಿಗಳು ಮಾತ್ರ ಆಧಾರವಿಲ್ಲದೆ ತೇಲುತ್ತವೆ. ಹಾಡದೆ ನಿಂತ ಆ ಗಳಿಗೆಯಲ್ಲಿ ನಮ್ಮ ಕೆಲಸ ಏನೆಂಬುದು ನಮಗೆ ಸ್ಪಷ್ಟವಾಗುತ್ತದೆ.

3. ಪಕ್ಕದವರ ದನಿ ನಿಮ್ಮದಕ್ಕಿಂತ ಹೆಚ್ಚು ಕೇಳಿಸಲಿ

ಕೇಳಿಸದಿದ್ದರೆ ನೀವು ಜೋರಾಗಿ ಹಾಡುತ್ತಿದ್ದೀರಿ. ಇದಕ್ಕಿಂತ ಸರಳವಾದ ಪರೀಕ್ಷೆ ನನಗೆ ಗೊತ್ತಿಲ್ಲ. ಒಳ್ಳೆಯ ಕಂಠವಿರುವವರಿಗೆ ಇದು ತುಂಬಾ ಕಷ್ಟ. ಅಂಥವರನ್ನು ಅಂಚಿನಲ್ಲಿ ಕೂರಿಸಬೇಡಿ, ನಡುವೆ ಕೂರಿಸಿ, ಎರಡು ಪಕ್ಕಕ್ಕೂ ಸಾಧಾರಣ ದನಿಯವರಿರಲಿ. ಕೆಲವು ತಿಂಗಳಲ್ಲಿ ಆ ಕಂಠದ ಚೆಲುವು ಅಕ್ಕಪಕ್ಕದವರಿಗೆ ಹಂಚಿಹೋಗಿರುತ್ತದೆ.

4. ಮಾತು ತಿಳಿದ ಮೇಲೆ ಹಾಡಿ

ನಮ್ಮ ಕಡೆಯ ಭಜನೆಯಲ್ಲಿ ನಿಜಗುಣ ಶಿವಯೋಗಿಗಳು, ಮುಪ್ಪಿನ ಷಡಕ್ಷರಿಗಳು, ಸರ್ಪಭೂಷಣ ಶಿವಯೋಗಿಗಳು, ಶರೀಫರು ಇವರ ತತ್ವಪದಗಳೇ ಹೆಚ್ಚು. ನಿಜಗುಣರ ನೆಲೆ ಶಂಭುಲಿಂಗನ ಬೆಟ್ಟ ಇಲ್ಲೇ ಕೊಳ್ಳೇಗಾಲದ ಸೀಮೆಯಲ್ಲಿದೆ. ಅವರ ಪದಗಳು ಬಾಯಿಗೆ ಸುಲಭ, ಅರ್ಥಕ್ಕೆ ಸುಲಭವಲ್ಲ. ಹೊಸ ಪದ ಎತ್ತಿಕೊಂಡಾಗ ಮೊದಲ ದಿನ ಹಾರ್ಮೋನಿಯಂ ಪೆಟ್ಟಿಗೆ ತೆರೆಯುವುದಿಲ್ಲ. ಒಬ್ಬರು ಓದುತ್ತಾರೆ, ಉಳಿದವರು ತಮಗೆ ತೋಚಿದ್ದು ಹೇಳುತ್ತಾರೆ. ಓದು ಬಾರದ ಅಜ್ಜಂದಿರು ಕೊಡುವ ಅರ್ಥವನ್ನು ನಾನು ಶಾಲೆಯಲ್ಲೂ ಹೇಳಿದ್ದೇನೆ. ಎರಡನೇ ದಿನ ಧಾಟಿಯಿಲ್ಲದೆ ತಾಳಕ್ಕೆ ಸರಿಯಾಗಿ ಬರೀ ಮಾತನ್ನು ಆಡುತ್ತೇವೆ. ಒತ್ತಕ್ಷರಗಳು ಹತ್ತು ಬಾಯಲ್ಲಿ ಒಟ್ಟಿಗೆ ಬೀಳುವುದು ಆಗಲೇ. ಮೂರನೇ ದಿನ ರಾಗ.

ಮೈಸೂರಿನಲ್ಲೂ ಹಾಗೇ ಮಾಡುತ್ತಿದ್ದೆವು. ಲ್ಯಾಟಿನ್ನಾಗಲಿ ಚರ್ಚ್ ಸ್ಲಾವೊನಿಕ್ ಆಗಲಿ ನಮ್ಮಲ್ಲಿ ಯಾರಿಗೂ ಬರುತ್ತಿರಲಿಲ್ಲ. ಪ್ರತಿ ಪದದ ಕೆಳಗೆ ಕನ್ನಡದಲ್ಲಿ ಅರ್ಥ ಬರೆದುಕೊಂಡೇ ಹಾಡಿದ್ದು. ಅರ್ಥ ಬರೆದುಕೊಂಡ ವಾರಕ್ಕೂ ಅದರ ಹಿಂದಿನ ವಾರಕ್ಕೂ ದನಿಯಲ್ಲೇ ವ್ಯತ್ಯಾಸ ಕೇಳುತ್ತಿತ್ತು.

5. ಸಾವಿನ ಮನೆಯಲ್ಲಿ ಹಾಡುವವನು ಬದುಕಿರುವವರಿಗಾಗಿ ಹಾಡಬೇಕು

ನಂಜನಗೂಡು, ನರಸೀಪುರ, ಚಾಮರಾಜನಗರದ ಹಳ್ಳಿಗಳಲ್ಲಿ ಸಾವಾದ ಮನೆಗೆ ಭಜನೆ ತಂಡವನ್ನು ಕರೆಸುತ್ತಾರೆ. ದೂರದ ನೆಂಟರು ಬರುವವರೆಗೆ ಹೆಣವನ್ನು ಕಾಯಬೇಕಾದ ರಾತ್ರಿ ಅದು. ಮನೆ ಮುಂದೆ ಶಾಮಿಯಾನ, ಗೋಡೆಗೆ ಒರಗಿಸಿ ಕೂರಿಸಿದ ದೇಹ, ಎದುರಿಗೆ ಚಾಪೆಯ ಮೇಲೆ ನಾವು. ಹಾರ್ಮೋನಿಯಂ, ತಬಲ, ತಾಳ, ದಮ್ಮಡಿ. ನನ್ನ ಹಾಡಿಕೆಯಲ್ಲಿ ಇದಕ್ಕಿಂತ ದೊಡ್ಡ ಜಾಗ ಯಾವುದೂ ಇಲ್ಲ. ಜಾತ್ರೆಗೆ ಬರದಿದ್ದರೂ ಪರವಾಗಿಲ್ಲ, ಸಾವಿನ ಮನೆಗೆ ಕರೆದಾಗ ಇಲ್ಲವೆನ್ನಬಾರದು ಎಂದು ತಂಡದವರಿಗೆ ಹೇಳುತ್ತಿರುತ್ತೇನೆ.

ಇಲ್ಲಿ ಪಾಲಿಸಬೇಕಾದ ಸಂಗತಿಗಳನ್ನು ಬಿಡಿಸಿ ಹೇಳುತ್ತೇನೆ. ಹೋದ ಕೂಡಲೇ ಹಾಡಬೇಡಿ. ಮನೆಯವರಿಗೆ ಮುಖ ತೋರಿಸಿ, ಕೂತು, ಅಳು ಒಂದು ಸುತ್ತು ಇಳಿದ ಮೇಲೆ ಶ್ರುತಿ ಹಿಡಿಯಿರಿ. ಮೊದಲ ಪದ ತೀರಾ ನಿಧಾನವಾಗಿರಲಿ, ಎಲ್ಲರಿಗೂ ಬರುವಂಥದೇ ಆಗಿರಲಿ. ಹೊಸ ನೆಂಟರು ಬಂದು ಗೋಳಾಡಿ ಅಳುವಾಗ ದನಿ ಏರಿಸಿ ಆ ಅಳುವನ್ನು ಮುಚ್ಚಬೇಡಿ. ಹೆಂಗಸರು ಸತ್ತವರ ಗುಣಗಳನ್ನು ಎತ್ತಿ ಆಡಿ ಅಳುವುದೂ ಹಾಡೇ. ಅದು ನಡೆಯುವಾಗ ನಾವು ಸೊಲ್ಲನ್ನು ಮಾತ್ರ ಮೆಲ್ಲಗೆ ಹಿಡಿದಿರಬೇಕು, ತಾಳದವನು ಕೈ ಬಿಗಿ ಹಿಡಿಯಬೇಕು. ಅಳು ಇಳಿಯುವ ಹೊತ್ತಿಗೆ ಹಾಡು ಅಲ್ಲೇ ಇರುತ್ತದೆ, ಅತ್ತವರು ಅದರ ಮೇಲೆ ಒರಗುತ್ತಾರೆ. ದೇಹವೇ ನಶ್ವರ ಎಂದು ಬೀಗಿ ಹೇಳುವ ಪದಗಳನ್ನು ಮುಂಜಾವದವರೆಗೆ ತೆಗೆಯಬೇಡಿ. ಗಂಡನನ್ನು ಕಳೆದುಕೊಂಡು ಇನ್ನೂ ಒಂದು ಹಗಲು ಕಳೆಯದ ಹೆಂಗಸಿಗೆ ವೇದಾಂತ ಕಿವಿಗೆ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಎಳೆಯ ಮಗು ಸತ್ತ ಮನೆಯಲ್ಲಿ ನಾವು ಪದವನ್ನೇ ಹಾಡಿಲ್ಲ. ಶಿವನಾಮವೊಂದನ್ನೇ ಬೆಳಗಿನವರೆಗೆ ಹಿಡಿದು ಕೂತದ್ದುಂಟು.

ಬ್ರಾಮ್ಸ್‌ನ ರೆಕ್ವಿಯಂ ನನಗೆ ಒಳಗಿನಿಂದ ಅರ್ಥವಾದದ್ದು ಈ ಚಾಪೆಯ ಮೇಲೆ ಕೂತು. ಚರ್ಚಿನ ಲ್ಯಾಟಿನ್ ರೆಕ್ವಿಯಂ ಸತ್ತವರ ಆತ್ಮಕ್ಕಾಗಿ ಬೇಡುವ ಪ್ರಾರ್ಥನೆ, ಅದರಲ್ಲಿ ತೀರ್ಪಿನ ದಿನದ ಭಯವೂ ಇದೆ. ಬ್ರಾಮ್ಸ್ ಅದನ್ನು ಬದಿಗಿಟ್ಟು, ಲೂಥರ್‌ನ ಜರ್ಮನ್ ಬೈಬಲಿನಿಂದ ತಾನೇ ಮಾತುಗಳನ್ನು ಆಯ್ದು, ಅಳುತ್ತಿರುವವರಿಗೆ ಸಾಂತ್ವನ ಹೇಳುವುದರಿಂದಲೇ ಹಾಡನ್ನು ಆರಂಭಿಸಿದ. 1865ರಲ್ಲಿ ಅವನ ತಾಯಿ ತೀರಿಕೊಂಡಿದ್ದಳು. 1868ರ ಏಪ್ರಿಲ್ 10, ಶುಭ ಶುಕ್ರವಾರದಂದು ಬ್ರೆಮೆನ್ ನಗರದ ಕೆಥೆಡ್ರಲ್‌ನಲ್ಲಿ ಆರು ಭಾಗಗಳು ಹಾಡಲ್ಪಟ್ಟವು. ಆಮೇಲೆ ಇನ್ನೊಂದು ಭಾಗವನ್ನು ಸೇರಿಸಿದ. ಹೆಣ್ಣುದನಿಯೊಂದು ಮೇಲೆ ಹಾಡುತ್ತಿರುವಾಗ ಹಿಮ್ಮೇಳ ಕೆಳಗಿನಿಂದ, ತಾಯಿ ಮಗುವನ್ನು ಸಂತೈಸುವ ಮಾತನ್ನು ಮತ್ತೆ ಮತ್ತೆ ಹೇಳುತ್ತದೆ. ಏಳೂ ಭಾಗಗಳು ಒಟ್ಟಾಗಿ ಕೇಳಿದ್ದು 1869ರ ಫೆಬ್ರವರಿಯಲ್ಲಿ, ಲೈಪ್‌ಜಿಗ್‌ನಲ್ಲಿ. ನಾವು ಇದರ ನಾಲ್ಕನೇ ಭಾಗವನ್ನು ಹಾಡಿದ್ದೇವೆ. ಅಲ್ಲಿ ಭಯವಿಲ್ಲ, ಬೋಧನೆಯಿಲ್ಲ, ಪಕ್ಕದಲ್ಲಿ ಬಂದು ಕೂತವರ ಮೃದುತನವಿದೆ.

ಯಜಮಾನರನ್ನು ಕಳೆದುಕೊಂಡ ಅಜ್ಜಿಯೊಬ್ಬರು ಬೆಳಗ್ಗೆ ಕಾಫಿ ಲೋಟ ಕೈಗೆ ಕೊಡುತ್ತಾ ನನಗೆ ಹೇಳಿದ ಮಾತಿದು: “ನೀವು ಆಡ್ತಾ ಕೂತಿದ್ರಿ, ರಾತ್ರಿ ಕಳೀತು ಕನಪ್ಪ.” ನಮ್ಮ ರಾಗ ಚೆನ್ನಾಗಿತ್ತು ಎಂದು ಅವರು ಹೇಳಲಿಲ್ಲ, ಯಾವ ಪದ ಹಾಡಿದೆವೆಂಬುದೂ ಅವರಿಗೆ ನೆನಪಿರಲಿಲ್ಲ. ಆ ರಾತ್ರಿಯನ್ನು ಅವರು ಒಬ್ಬರೇ ದಾಟಬೇಕಾಗಿ ಬರಲಿಲ್ಲ. ದೇವಸ್ತುತಿಯಿಂದ ಆಗಬೇಕಾದ ಕೆಲಸ ಅದು.

6. ನಡುರಾತ್ರಿ ಎರಡರಿಂದ ನಾಲ್ಕು

ಇಡೀ ರಾತ್ರಿ ಹಾಡಿದವರಿಗೆ ಈ ಎರಡು ಗಂಟೆ ಗೊತ್ತಿರುತ್ತದೆ. ಮೈ ಸೋತಿರುತ್ತದೆ, ಶ್ರುತಿ ಇಳಿಯುತ್ತದೆ, ತಾಳ ಒಂದೋ ಎಳೆದಾಡುತ್ತದೆ ಇಲ್ಲವೇ ಓಡುತ್ತದೆ. ಆಗ ಅನೇಕರು ಉತ್ಸಾಹ ತುಂಬಲು ವೇಗದ ಪದ ಎತ್ತುತ್ತಾರೆ. ಅದು ಹತ್ತು ನಿಮಿಷಕ್ಕೆ ಸಾಕು, ಆಮೇಲೆ ಇನ್ನಷ್ಟು ಸುಸ್ತು. ನಾನು ಮಾಡುವುದು ಇದು: ಹಾರ್ಮೋನಿಯಂನಲ್ಲಿ ಒಂದು ಮನೆ ಕೆಳಗೆ ಬರುತ್ತೇನೆ, ವೇಗವನ್ನೂ ಇಳಿಸುತ್ತೇನೆ, ಅರ್ಧದಷ್ಟು ಜನರನ್ನು ಮಲಗಲು ಕಳಿಸುತ್ತೇನೆ. ಉಳಿದವರ ದನಿಯಲ್ಲಿ ಆಗ ಹಟವಿರುವುದಿಲ್ಲ, ತೋರಿಕೆ ಇರುವುದಿಲ್ಲ. ಹಾಡು ಬರೀ ಮೈಯಿಂದ ಬರುತ್ತದೆ. ಇಡೀ ರಾತ್ರಿಯಲ್ಲಿ ನನಗೆ ಪವಿತ್ರ ಅನ್ನಿಸುವ ಹೊತ್ತು ಅದೇ.

ಮಾದಪ್ಪನ ಕಥೆ ಹೇಳುವ ದೇವರಗುಡ್ಡರಿಗೆ ಇದು ಚೆನ್ನಾಗಿ ತಿಳಿದಿದೆ. ಶಿವರಾತ್ರಿಯ ಜಾಗರಣೆಯಲ್ಲಿ ಸುತ್ತೂರಿನ ಸಾಲನ್ನು ಅವರು ಮುಂಚೆಯೇ ಹೇಳಿ ಮುಗಿಸುತ್ತಾರೆ. ಮಠದಲ್ಲಿ ಮಾದಪ್ಪ ರಾಗಿ ಬೀಸಿದ ಪ್ರಸಂಗ. ಸುತ್ತೂರು ನಮ್ಮ ಪಕ್ಕದ್ದೇ ಆದ್ದರಿಂದ ಜನ ಕಿವಿ ನಿಮಿರಿಸಿ ಕೇಳುತ್ತಾರೆ, ನಗುತ್ತಾರೆ, ಮಾತಾಡುತ್ತಾರೆ. ಸಂಕಮ್ಮನ ಸಾಲನ್ನು ಮಾತ್ರ ನಡುರಾತ್ರಿಗೆ ಉಳಿಸಿಕೊಳ್ಳುತ್ತಾರೆ. ಗಂಡ ನೀಲೇಗೌಡ ಅನುಮಾನಪಟ್ಟು ಕೊಟ್ಟ ಹಿಂಸೆ, ಅವಳೊಬ್ಬಳೇ ಕಾಡಿನ ಗುಡಿಸಲಿನಲ್ಲಿ ಸಂಕಟಪಡುವಾಗ ಮಾದಪ್ಪ ಬರುವುದು. ಆಗ ಕಂಸಾಳೆಯ ಪೆಟ್ಟು ಸಣ್ಣದಾಗುತ್ತದೆ. ಸೊಲ್ಲು ಎತ್ತಿಕೊಳ್ಳುವವರು ಗುಡ್ಡರ ಹಿಮ್ಮೇಳ ಮಾತ್ರ ಅಲ್ಲ, ಕೂತಿದ್ದ ಹೆಂಗಸರೂ ಎತ್ತಿಕೊಳ್ಳುತ್ತಾರೆ. ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.

ರಾಖ್ಮನಿನೋಫ್ ಬರೆದದ್ದೂ ಜಾಗರಣೆಯನ್ನೇ. ಆರ್ಥಡಾಕ್ಸ್ ಕ್ರೈಸ್ತರು ದೊಡ್ಡ ಹಬ್ಬದ ಮುನ್ನಾದಿನ ಸಂಜೆಯ ಪೂಜೆಯನ್ನೂ ಬೆಳಗಿನ ಪೂಜೆಯನ್ನೂ ಸೇರಿಸಿ ನಡೆಸುವ ಸೇವೆ ಅದು. ಮೊದಲ ಆರು ಭಾಗ ಸಂಜೆಯವು, ಉಳಿದವು ಬೆಳಗಿನವು. ಪ್ರಾಚೀನ ಪೂಜಾಗೀತೆಗಳ ವಿದ್ವಾಂಸ ಸ್ಮೊಲೆನ್‌ಸ್ಕಿಯ ನೆನಪಿಗೆ ಅದನ್ನು ಅರ್ಪಿಸಿದ, ಹಲವು ಭಾಗಗಳಿಗೆ ಹಳೆಯ ಚರ್ಚ್ ಧಾಟಿಗಳನ್ನೇ ತಳಹದಿ ಮಾಡಿಕೊಂಡ. 1915ರ ಮಾರ್ಚಿನಲ್ಲಿ ಮಾಸ್ಕೋದ ಸಿನೊಡಲ್ ಗಾಯನವೃಂದ ಅದನ್ನು ಮೊದಲು ಹಾಡಿದಾಗ ಮಹಾಯುದ್ಧ ನಡೆಯುತ್ತಿತ್ತು, ಸಂಗ್ರಹವಾದ ಹಣ ಯುದ್ಧದ ಸಂತ್ರಸ್ತರಿಗೆ ಹೋಯಿತು. ಜನರ ಒತ್ತಾಯಕ್ಕೆ ಒಂದೇ ತಿಂಗಳಲ್ಲಿ ಇನ್ನೂ ಐದು ಸಲ ಹಾಡಿದರು. ಮನೆಮನೆಯಿಂದ ಗಂಡುಮಕ್ಕಳು ರಣರಂಗಕ್ಕೆ ಹೋಗಿದ್ದ ಊರಿಗೆ ಆ ಹಾಡು ಎಷ್ಟು ಬೇಕಿತ್ತು ಎಂಬುದನ್ನು ಸಾವಿನ ಮನೆಯಲ್ಲಿ ಹಾಡಿದವರು ಬಲ್ಲರು.

7. ಗೋಡೆ ಹೇಳಿದಂತೆ ಹಾಡಿ

ಬ್ರುಕ್ನರ್ ಹಳ್ಳಿ ಮೇಷ್ಟ್ರ ಮಗ. ಅಪ್ಪ ಪಾಠ ಹೇಳುತ್ತಲೇ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರು, ಮಗನೂ ಮೊದಲು ಹಳ್ಳಿ ಶಾಲೆಯಲ್ಲಿ ಸಹಾಯಕ ಮೇಷ್ಟ್ರಾಗಿದ್ದ. ‘ಲೋಕುಸ್ ಇಸ್ತೆ’ ಬರೆದದ್ದು ಲಿಂಜ್ ನಗರದಲ್ಲಿ ಕಟ್ಟುತ್ತಿದ್ದ ಹೊಸ ಕೆಥೆಡ್ರಲ್‌ನ ಪ್ರಾರ್ಥನಾ ಮಂದಿರವೊಂದರ ಪ್ರತಿಷ್ಠೆಗೆ. ಒಂದು ಜಾಗದ ಪಾವಿತ್ರ್ಯವನ್ನು ಕೊಂಡಾಡುವ ಹಾಡು. ಕಲ್ಲಿನ ಗೋಡೆಯಿಂದ ದನಿ ತಿರುಗಿ ಬರುವುದಕ್ಕೆ ಅದರಲ್ಲಿ ಸಮಯ ಬಿಟ್ಟಿದ್ದಾನೆ.

ಮೈಸೂರಿನ ಸಂತ ಫಿಲೋಮಿನಾ ಚರ್ಚಿನೊಳಗೆ ಒಂದು ಮಾತಾಡಿ ನೋಡಿ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ ಕಟ್ಟಡ, 175 ಅಡಿಯ ಜೋಡಿ ಗೋಪುರ, ಮಾದರಿ ಜರ್ಮನಿಯ ಕಲೋನ್ ಕೆಥೆಡ್ರಲ್. ಶತಮಾನಗಳ ಕಾಲ ಅರ್ಧಕ್ಕೇ ನಿಂತಿದ್ದ ಕಲೋನ್ ಕಟ್ಟಡವನ್ನು 1880ರಲ್ಲಿ ಪೂರ್ತಿ ಮಾಡಿದ್ದು ರೊಮ್ಯಾಂಟಿಕ್ ಕಾಲದವರೇ. ಅಂಥ ಎತ್ತರದಲ್ಲಿ ದನಿ ಬಹಳ ಹೊತ್ತು ನಿಲ್ಲುತ್ತದೆ. ಅವಸರದ ಹಾಡು ಅಲ್ಲಿ ಕಲಸಿಹೋಗುತ್ತದೆ. ನಂಜನಗೂಡಿನ ಶ್ರೀಕಂಠೇಶ್ವರನ ಗುಡಿಯ ಪ್ರಾಕಾರದಲ್ಲಿ, ಅರವತ್ತಮೂವರು ಪುರಾತನರ ವಿಗ್ರಹಗಳ ಸಾಲಿನ ಮುಂದೆ ಹಾಡಿದಾಗ ಕಂಬಗಳು ದನಿಯನ್ನು ಒಡೆದು ಒಡೆದು ವಾಪಸು ಕೊಡುತ್ತವೆ, ಅಲ್ಲಿ ಮಾತು ಚೂಪಾಗಿರಬೇಕು. ಆ ಪುರಾತನರಲ್ಲಿ ಕೆಲವರು ಊರೂರಿನ ಶಿವನನ್ನು ಹಾಡುತ್ತಾ ತಿರುಗಿದವರು ಎಂಬುದು ಅಲ್ಲಿ ನಿಂತು ಹಾಡುವವರಿಗೆ ನೆನಪಿರಲಿ. ಹಳ್ಳಿಯ ಚಾವಡಿಗೆ ಗೋಡೆಯೇ ಇಲ್ಲ. ಅಲ್ಲಿ ಅರ್ಧಚಂದ್ರಾಕಾರವಾಗಿ ಒತ್ತಾಗಿ ಕೂತು ಒಬ್ಬರಿಗೊಬ್ಬರು ಗೋಡೆಯಾಗಬೇಕು.

8. ಮೈಕನ್ನು ದೂರವಿಡಿ

ಒಬ್ಬರ ಮುಂದೆ ಮೈಕು ಇಟ್ಟರೆ ಹಿಮ್ಮೇಳ ಸತ್ತಂತೆ. ಉಸಿರು ಹಂಚಿಕೊಂಡದ್ದು, ಕೆಳಗಿನ ದನಿಯಿಂದ ಕಟ್ಟಿದ್ದು ಎಲ್ಲ ಆ ಒಂದು ಗಂಟಲಿನ ಹಿಂದೆ ಮುಳುಗುತ್ತದೆ. ಧನುರ್ಮಾಸದಲ್ಲಿ ಗೋಪುರಕ್ಕೆ ಕಟ್ಟಿದ ಧ್ವನಿವರ್ಧಕ ಊರನ್ನು ಎಬ್ಬಿಸುತ್ತದೆ, ಯಾರನ್ನೂ ಭಜನೆ ಮನೆಗೆ ಕರೆತರುವುದಿಲ್ಲ. ಮೈಕು ಬೇಕೇಬೇಕು ಎಂದು ಕಮಿಟಿಯವರು ಹಟ ಹಿಡಿದರೆ ಒಂದನ್ನೇ ಇಡಿ, ಎಲ್ಲರಿಂದಲೂ ಸಮದೂರದಲ್ಲಿ, ಎತ್ತರದಲ್ಲಿ.

9. ನಿಲ್ಲಿಸುವುದನ್ನೂ ಅಭ್ಯಾಸ ಮಾಡಿ

‘ಲೋಕುಸ್ ಇಸ್ತೆ’ಯ ಕೊನೆಯ ಸಾಲಿಗೆ ಮುನ್ನ ನಾಲ್ಕು ದನಿಗಳೂ ಒಟ್ಟಿಗೆ ನಿಂತುಬಿಡುತ್ತವೆ. ಯಾರೂ ಕದಲುವುದಿಲ್ಲ. ಹಾಡಿದ್ದು ಗೋಡೆ ಮುಟ್ಟಿ ಹಿಂದಿರುಗಿ ಅಡಗಿದ ಮೇಲೆ ಕೊನೆಯ ಸಾಲು. ಆ ಮೌನವನ್ನು ಹಾಡಿನಷ್ಟೇ ಸಲ ಅಭ್ಯಾಸ ಮಾಡಿದ್ದೇವೆ. ಭಜನೆಗೂ ಅದನ್ನು ತಂದೆ. ಪದ ಮುಗಿದ ಕೂಡಲೇ ತಾಳದವನು ಮುಂದಿನದಕ್ಕೆ ಹಾರುವುದನ್ನು ನಿಲ್ಲಿಸಿದೆವು. ಕಂಚಿನ ತಾಳದ ಗುಂಗು ಪೂರ್ತಿ ಅಡಗುವ ತನಕ ಯಾರೂ ಕೆಮ್ಮುವುದಿಲ್ಲ, ಪುಸ್ತಕ ತಿರುವುವುದಿಲ್ಲ.

10. ನಂಬದವರಿಗೂ ಜಾಗ ಇರಲಿ, ಎಲ್ಲರಿಗೂ ಒಂದೇ ಚಾಪೆ ಇರಲಿ

ತಂಡ ಸೇರಲು ಬಂದ ಹುಡುಗನೊಬ್ಬ ತನಗೆ ದೇವರಲ್ಲಿ ನಂಬಿಕೆಯಿಲ್ಲ, ಹಾಡುವ ಆಸೆ ಮಾತ್ರ ಇದೆ ಎಂದ. ಕೂತುಕೋ ಅಂದೆ. ಬ್ರಾಮ್ಸ್ ಕಟ್ಟುನಿಟ್ಟಿನ ಆಸ್ತಿಕನಲ್ಲ. ರೆಕ್ವಿಯಂನಲ್ಲಿ ಕ್ರಿಸ್ತನ ಹೆಸರಿಲ್ಲವಲ್ಲ ಎಂದು ಬ್ರೆಮೆನ್ನಿನ ಸಂಗೀತ ನಿರ್ದೇಶಕ ಕೇಳಿಕೊಂಡರೂ ಅವನು ಬದಲಾಯಿಸಲಿಲ್ಲ. ರಾಖ್ಮನಿನೋಫ್ ಕೂಡ ಚರ್ಚಿಗೆ ತಪ್ಪದೆ ಹೋಗುವವನಲ್ಲ. ಆದರೂ ಇಬ್ಬರ ಹಾಡೂ ನಂಬಿದವರನ್ನು ಮೊಣಕಾಲೂರಿಸುತ್ತದೆ. ಹಾಡಿಗೆ ಬೇಕಾದದ್ದು ಪ್ರಾಮಾಣಿಕವಾದ ಉಸಿರು. ಆ ಹುಡುಗ ಈಗಲೂ ನಂಬುವುದಿಲ್ಲ, ಸಾವಿನ ಮನೆಯಲ್ಲಿ ಬೆಳಗಿನವರೆಗೆ ಕೂರುವವರಲ್ಲಿ ಅವನೂ ಒಬ್ಬ.

ಇನ್ನೊಂದು ಮಾತನ್ನು ಬಿಡುವ ಹಾಗಿಲ್ಲ. ಮಂಟೇಸ್ವಾಮಿಯ ಒಕ್ಕಲಲ್ಲಿ ದಲಿತರಿದ್ದಾರೆ, ಬೇರೆ ಬೇರೆ ಜಾತಿಯವರಿದ್ದಾರೆ. ಚಿಕ್ಕಲ್ಲೂರಿನ ಜಾತ್ರೆಯಲ್ಲಿ, ಸಿದ್ದಪ್ಪಾಜಿಯ ಗದ್ದುಗೆಯ ಬಳಿ, ಜಾತಿ ನೋಡದೆ ಸಾಲಾಗಿ ಕೂತು ಉಣ್ಣುವ ಪಂಕ್ತಿಸೇವೆ ಇದೆ. ಹೀಗಿದ್ದೂ ಊರುಗಳಲ್ಲಿ ತಂಬೂರಿಯವರನ್ನು ಕಥೆಗೆ ಕರೆಸಿ ಕೂರಿಸುವಾಗ ಚಾಪೆ ಬೇರೆ ಹಾಸುವುದನ್ನು ಕಂಡಿದ್ದೇನೆ. ಉಸಿರನ್ನು ಹಂಚಿಕೊಳ್ಳಲಾರದವರು ಒಟ್ಟಿಗೆ ಹಾಡಲಾರರು. ಚಾಪೆ ಬೇರೆಯಾದಲ್ಲಿ ನಮ್ಮ ತಂಡ ಹಾಡುವುದಿಲ್ಲ. ಇದರಿಂದ ಕೆಲವು ಮನೆಗಳು ನಮ್ಮನ್ನು ಕರೆಯುವುದು ಬಿಟ್ಟಿವೆ. ನಿಯಮ ಹಾಗೇ ಇದೆ.

11. ಕಲಿಯುವವರನ್ನು ಇಬ್ಬರ ನಡುವೆ ಕೂರಿಸಿ

ಹಾಡು ಕಾಗದದಲ್ಲಿ ಉಳಿದರೆ ಸಾಲದು. ಮಾಸ್ಕೋದ ಸಿನೊಡಲ್ ಗಾಯನವೃಂದವನ್ನು ಕ್ರಾಂತಿಯ ಮರುವರ್ಷ, 1918ರಲ್ಲಿ ಮುಚ್ಚಿದರು. ಜಾಗರಣೆಯ ಸ್ವರಲಿಪಿ ಇತ್ತು, ಹಾಡುವವರು ಚದುರಿಹೋದರು. ಸೋವಿಯತ್ ನಾಡಿನಲ್ಲಿ ಸ್ವೆಶ್ನಿಕೋವ್ ನಿರ್ದೇಶನದಲ್ಲಿ ಅದರ ಪ್ರಸಿದ್ಧ ಧ್ವನಿಮುದ್ರಣ ಆದದ್ದು 1965ರಲ್ಲಿ. ನಡುವಿನ ಅಷ್ಟೂ ವರ್ಷ ಆ ಕೆಳಗಿನ ಸ್ವರಗಳನ್ನು ಯಾರೋ ಯಾರಿಗೋ ಪಕ್ಕದಲ್ಲಿ ಕೂರಿಸಿಕೊಂಡು ದಾಟಿಸಿರಲೇಬೇಕು ಎಂದು ನನಗೆ ಅನ್ನಿಸುತ್ತದೆ. ನಮ್ಮಲ್ಲಿ ಪಿ. ಕೆ. ರಾಜಶೇಖರ ಅವರು ಸಂಗ್ರಹಿಸಿದ ‘ಮಲೆಯ ಮಾದೇಶ್ವರ’ 1973ರಲ್ಲೇ ಅಚ್ಚಾಗಿದೆ. ಅದು ದೊಡ್ಡ ಉಪಕಾರ. ಆದರೆ ಪುಸ್ತಕ ನೋಡಿ ಸೊಲ್ಲು ಹಿಡಿಯಲು ಬರುವುದಿಲ್ಲ.

ಮಗುವನ್ನು ಮುಂದೆ ನಿಲ್ಲಿಸಿ ಹೇಳಿಕೊಡಬೇಡಿ. ಇಬ್ಬರು ಹಿರಿಯರ ನಡುವೆ ಕೂರಿಸಿ, ಬಾಯಿ ತೆರೆಯೆಂದು ಒತ್ತಾಯಿಸಬೇಡಿ. ಮೊದಲು ಅದರ ಕೈ ತಾಳ ಹಿಡಿಯುತ್ತದೆ, ಆಮೇಲೆ ಸಾಲಿನ ಕೊನೆಯ ಸ್ವರ ಬಾಯಿಗೆ ಬರುತ್ತದೆ, ಆಮೇಲೆ ಇಡೀ ಸೊಲ್ಲು. ಎಷ್ಟು ತಿಂಗಳಾದರೂ ಕಾಯಿರಿ. ಹೆಣ್ಣುಮಕ್ಕಳನ್ನು ಕೂರಿಸಿಕೊಳ್ಳುವುದಕ್ಕೆ ಮೊದಲು ಹಿರಿಯರು ಒಪ್ಪಲಿಲ್ಲ. ಸಂಕಮ್ಮನ ಸಾಲಿಗೆ ನಡುರಾತ್ರಿ ಸೊಲ್ಲು ಎತ್ತಿದವರು ನಿಮ್ಮ ಹೆಂಡಿರು, ಅಕ್ಕತಂಗಿಯರೇ ಅಲ್ಲವೇ ಎಂದು ಕೇಳಿದೆ. ಈಗ ಶನಿವಾರದ ಭಜನೆಗೆ ಆರು ಹುಡುಗಿಯರು ಬರುತ್ತಾರೆ. ಅವರಲ್ಲಿ ಎಂಟನೇ ತರಗತಿಯ ಒಬ್ಬಳಿಗೆ ತಗ್ಗಿನ ದನಿ ಇದೆ. ಅವಳನ್ನು ಅಜ್ಜಂದಿರ ಸಾಲಿಗೇ ಹಾಕಿದ್ದೇನೆ. ಬರುವ ಶಿವರಾತ್ರಿಗೆ ಗುಡ್ಡರು ಬಂದಾಗ ಅವಳು ಅವರ ಹಿಂದೆ ಕೂರುವುದೆಂದು ಮಾತಾಗಿದೆ.